ಬೇಸ್ ತೆಗೆದು ಹಾಡು ಕೇಳಿ ನೋಡಿ

ಹೋದ ಸಂಚಿಕೆಯಲ್ಲಿ ನಾನು ಒಂದು ಮಾತು ಬರೆದಿದ್ದೆ. ಅಮೆರಿಕದ ಬೇಸ್ ಗಿಟಾರ್ ವಾದಕರಲ್ಲಿ ಜಾಕೋ ಪಾಸ್ಟೋರಿಯಸ್ ದೊಡ್ಡವರು, ಆದರೆ ಜೇಮ್ಸ್ ಜೇಮರ್‌ಸನ್ ಇನ್ನೂ ದೊಡ್ಡವರು ಅಂತ. ಅದಕ್ಕೆ ಬಂದ ಪತ್ರಗಳಲ್ಲಿ ಸಿಟ್ಟು ಇತ್ತು, ಪ್ರೀತಿಯೂ ಇತ್ತು. ಈ ಸಲ ಪೂರ್ತಿ ಬೇಸ್ ಗಿಟಾರಿಗೇ, ಅಂದರೆ ಹಾಡಿನ ತಳದ ಸ್ವರ ನುಡಿಸುವ ದಪ್ಪ ತಂತಿಯ ಗಿಟಾರಿಗೇ ಮೀಸಲು.

ಜಾಕೋ ಕೇಳಿದರೆ ತಲೆ ತಿರುಗುತ್ತದೆ. ಜೇಮರ್‌ಸನ್ ಕೇಳಿದರೆ ಹಾಡು ಚೆನ್ನಾಗಿದೆ ಅನಿಸುತ್ತದೆ, ಬೇಸ್‌ನಲ್ಲಿ ವಿಶೇಷ ಏನೂ ಕಾಣುವುದಿಲ್ಲ. ನಮ್ಮ ಕಾಲೇಜು ಬ್ಯಾಂಡಿನಲ್ಲಿ ಇದರ ಮೇಲೆ ದೊಡ್ಡ ವಾದವೇ ಆಯಿತು. ನೀವು ಯಾವ ಅಳತೆಯಲ್ಲಿ ಹೇಳುತ್ತೀರಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಜಾಕೋ ಕೇಳಿ ತಲೆ ತಿರುಗದಿದ್ದರೇ ಆಶ್ಚರ್ಯ. ಫೆಂಡರ್ ಕಂಪನಿಯ 1962ರ ಜಾಝ್ ಬೇಸ್, ಅದರ ಕತ್ತಿನ ಮೇಲಿನ ಲೋಹದ ಪಟ್ಟಿಗಳನ್ನೆಲ್ಲ, ಅಂದರೆ ಫ್ರೆಟ್‌ಗಳನ್ನೆಲ್ಲ ಕಿತ್ತು, ಮರದ ಮೇಲೆ ಎಪಾಕ್ಸಿ ರಾಳ ಬಳಿದು, ಅದರಲ್ಲಿ ಪಿಟೀಲಿನ ಹಾಗೆ ಜಾರುವ ಸ್ವರ ತೆಗೆದರು. 1976ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ಜಗತ್ತಿನ ಬೇಸ್ ವಾದಕರೆಲ್ಲ ಮತ್ತೆ ಒಂದರಿಂದ ಅಭ್ಯಾಸ ಶುರು ಮಾಡಬೇಕಾಯಿತು. ಅವರನ್ನು ಓವರ್‌ರೇಟೆಡ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಅಳತೆ ಒಂದೇ. ಹಾಡಿನಿಂದ ಬೇಸ್ ತೆಗೆದರೆ ಏನು ಉಳಿಯುತ್ತದೆ?

ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' ಹಾಕಿ. 1964ರ ಹಾಡು. ಹೆಡ್‌ಫೋನ್ ಇರಲಿ. ಮೊದಲು ಬರುವುದು ಬೇಸ್ ಒಂದೇ. ಎರಡೇ ಸ್ವರ, ಎದೆ ಬಡಿದ ಹಾಗೆ. ಗಾಯಕ ಇನ್ನೂ ಬಾಯಿ ತೆರೆದಿಲ್ಲ, ಆಗಲೇ ಹಾಡಿನ ನಡೆ ನಿಮ್ಮ ಮೈಗೆ ಬಂದಾಗಿದೆ. ಆಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತುತ್ತದೆ. ಸ ರಿ ಗ ಪ ದ ಸ. ನಮ್ಮ ಮೋಹನದ ಆರೋಹಣವೇ. ಎಲ್ಲರಿಗೂ ನೆನಪಿರುವುದು ಆ ಗಿಟಾರ್. ಆದರೆ ಬೇಸ್ ತೆಗೆದು ನೋಡಿ, ಆ ಗಿಟಾರ್ ನೆಲ ಇಲ್ಲದೆ ಗಾಳಿಯಲ್ಲಿ ನಿಲ್ಲುತ್ತದೆ.

ಆ ಬೇಸ್ ಜೇಮರ್‌ಸನ್ ಅವರದು. ಡೆಟ್ರಾಯಿಟ್‌ನ ಒಂದು ಸಾದಾ ಮನೆಯಲ್ಲಿ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋ ಇತ್ತು. ಎಲ್ಲಿ ನೋಡಿದರೂ ಕೇಬಲ್. ಅದಕ್ಕೇ ಅಲ್ಲಿಯವರು ಅದನ್ನು ಹಾವಿನ ಗುಂಡಿ ಅನ್ನುತ್ತಿದ್ದರು. ಜೇಮರ್‌ಸನ್ ನುಡಿಸಿದ್ದು ಫೆಂಡರ್‌ನದೇ ಇನ್ನೊಂದು ಮಾದರಿ, 1962ರ ಪ್ರಿಸಿಷನ್ ಬೇಸ್. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಎರಡನೇ ಬೆರಳು ಬಳಸುತ್ತಿರಲಿಲ್ಲ. ನುಣುಪಾದ ಚಪ್ಪಟೆ ಸುತ್ತಿನ (ಫ್ಲಾಟ್‌ವೌಂಡ್) ದಪ್ಪ ತಂತಿ, ಅದನ್ನು ಬದಲಿಸುವ ಅಭ್ಯಾಸವೂ ಇರಲಿಲ್ಲ. ತಂತಿ ಬಂದು ಕೂರುವ ಬ್ರಿಜ್‌ನ ಮುಚ್ಚಳದ ಕೆಳಗೆ ಒಂದು ತುಂಡು ಸ್ಪಂಜು. ಸ್ವರ ಎಳೆಯದೆ ಥಟ್ ಅಂತ ನಿಲ್ಲಲಿ ಎಂದು.

ಈಗ ಅವರದೇ 'ಬರ್ನಡೆಟ್' ಕೇಳಿ. 1967, ಫೋರ್ ಟಾಪ್ಸ್ ಹಾಡಿದ್ದು. ಮೂರು ನಿಮಿಷ ಗಾಯಕನ ಧ್ವನಿ ಮರೆತು ಬೇಸ್ ಒಂದನ್ನೇ ಹಿಂಬಾಲಿಸಿ. ಒಂದೇ ಸಾಲನ್ನು ಎರಡನೇ ಸಲ ಹಾಗೇ ನುಡಿಸುವುದು ಬಹಳ ಅಪರೂಪ. ಮಧ್ಯೆ ಮಧ್ಯೆ ಅರ್ಧ ಸ್ವರಗಳಲ್ಲಿ ಜಾರುತ್ತಾರೆ, ಎತ್ತುಗಡೆಯನ್ನು ಒಂದಿಷ್ಟು ಹಿಂದೆ ಮುಂದೆ ತಳ್ಳುತ್ತಾರೆ, ಆದರೂ ಗಾಯಕನ ಕಾಲಿಗೆ ಒಮ್ಮೆಯೂ ಅಡ್ಡ ಬರುವುದಿಲ್ಲ. ಇದು ವಿಶೇಷ ಅಲ್ಲ ಅಂದರೆ ಯಾವುದು ವಿಶೇಷ?

ಆ ಕಾಲದಲ್ಲಿ ಮೋಟೌನ್ ರೆಕಾರ್ಡಿನ ಹೊದಿಕೆ ಮೇಲೆ ವಾದ್ಯದವರ ಹೆಸರು ಹಾಕುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂ ಬಂದಾಗ ಜೇಮರ್‌ಸನ್ ಹೆಸರು ಅಚ್ಚಾಯಿತು. ಹೆಸರಿನ ಹಿಂದೆ 'ಸಾಟಿಯಿಲ್ಲದ' ಎಂಬ ಮಾತೂ ಇತ್ತು. 1983ರಲ್ಲಿ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಸ್ವಲ್ಪ ಮುಂಚೆ ಅವರ ಆ ಬೇಸ್ ಕಳುವಾಗಿತ್ತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಗಳಿಗೆ 13 ವರ್ಷ. ಬೇಸ್ ಗಿಟಾರ್ ಬೇಕು ಅಂತ ಹಟ ಹಿಡಿದಿದ್ದಾಳೆ. ಅಂಗಡಿಯಲ್ಲಿ ನೋಡಿದರೆ ಅವಳಿಗಿಂತ ಉದ್ದ ಇದೆ! ಅವಳ ಬೆರಳೂ ಚಿಕ್ಕದು. ಹುಡುಗಿಯರು ಇದನ್ನು ನುಡಿಸುತ್ತಾರಾ?
— ಒಬ್ಬ ತಾಯಿ, ಮೈಸೂರು

ನುಡಿಸುತ್ತಾರಾ ಅಂತ ಕೇಳಿದಿರಿ. ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್‌ನವರು ಬರಲಿಲ್ಲ, ಇವರ ಕೈಗೆ ಬೇಸ್ ಕೊಟ್ಟರು. ಅಲ್ಲಿಂದ ಮುಂದೆ ಆ ಊರಿನ ಸ್ಟುಡಿಯೋಗಳಲ್ಲಿ ಅವರಿಗೆ ಬಿಡುವೇ ಇರಲಿಲ್ಲ. ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' ಆಲ್ಬಮ್ಮಿನಲ್ಲೂ ಅವರ ಬೇಸ್ ಇದೆ. ನಮ್ಮ ಮುಂಬಯಿಯ ಮೋಹಿನಿ ಡೇ ಚಿಕ್ಕ ಹುಡುಗಿಯಾಗಿದ್ದಾಗಲೇ ವೇದಿಕೆ ಹತ್ತಿದವರು. ಮಗಳಿಗೆ ಇವರಿಬ್ಬರನ್ನೂ ತೋರಿಸಿ.

ಈಗ ಅಳತೆಯ ವಿಷಯ. ಮಾಮೂಲಿ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು. ನೀವು ಅಂಗಡಿಯಲ್ಲಿ 'ಶಾರ್ಟ್ ಸ್ಕೇಲ್' ಅಂತ ಕೇಳಿ. ಅದು 30 ಇಂಚು. ನಾಲ್ಕು ಇಂಚು ಕಡಿಮೆ ಅಂದರೆ ಮೊದಲ ಫ್ರೆಟ್‌ಗಳ ಹತ್ತಿರ ಕೈ ಅಷ್ಟು ಅಗಲಿಸಬೇಕಿಲ್ಲ. ಇದು ಮಕ್ಕಳ ಆಟಿಕೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಜಗತ್ತು ಗೆದ್ದದ್ದು ಅಂಥದ್ದರಲ್ಲೇ.

34 ಇಂಚಿನದೇ ತೆಗೆದುಕೊಳ್ಳುವುದಾದರೆ ಪ್ರಿಸಿಷನ್ ಮಾದರಿಗಿಂತ ಜಾಝ್ ಮಾದರಿ ಒಳ್ಳೆಯದು. ತಲೆಯ ಕಡೆ ಅದರ ಕತ್ತು ತೆಳ್ಳಗೆ. ಕೊಳ್ಳುವಾಗಲೇ ಸೆಟಪ್ ಮಾಡಿಸಿ, ತಂತಿ ಫ್ರೆಟ್‌ಗೆ ಹತ್ತಿರ ಕೂರಬೇಕು. ತಂತಿ ಮೇಲೆ ನಿಂತಿದ್ದರೆ ಬೆರಳು ನೋಯುತ್ತದೆ, ಮಗು ತಿಂಗಳೊಳಗೆ ಬೇಸ್ ಮೂಲೆಗೆ ಇಡುತ್ತದೆ. ಭುಜಕ್ಕೆ ಅಗಲ ಪಟ್ಟಿ ಬೇಕು. ಮನೆಯ ಹೋಮ್ ಥಿಯೇಟರಿಗೆ ಚುಚ್ಚಬೇಡಿ, ಸ್ಪೀಕರ್ ಹರಿಯುತ್ತದೆ. ಚಿಕ್ಕ ಬೇಸ್ ಆಂಪ್ ಸಾಕು.

ಇನ್‌ಸ್ಟಾಗ್ರಾಂ ತುಂಬ ಸ್ಲ್ಯಾಪ್ ಬೇಸ್. ನಾನೂ ಕಲಿಯುತ್ತಿದ್ದೇನೆ. ನಿಮ್ಮ ಅಂಕಣದಲ್ಲಿ ಅದರ ಸುದ್ದಿಯೇ ಇಲ್ಲ. ನಿಮಗೆ ಇಷ್ಟ ಇಲ್ವಾ?
— ಹುಬ್ಬಳ್ಳಿ

ಇಷ್ಟ ಇದೆ. ಅದು ಹುಟ್ಟಿದ ಕಥೆ ಇನ್ನೂ ಇಷ್ಟ. ಲ್ಯಾರಿ ಗ್ರಹಾಂ ಹುಡುಗನಾಗಿದ್ದಾಗ ತಾಯಿಯ ಜೊತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಆ ತಂಡದಲ್ಲಿ ಡ್ರಮ್ಮರ್ ಇಲ್ಲದ ಹಾಗಾಯಿತು. ಆಗ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ಜಾಗಕ್ಕೆ ಹೆಬ್ಬೆರಳಿನಿಂದ ತಂತಿಗೆ ಹೊಡೆದರು, ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ಮಿನ ಜಾಗಕ್ಕೆ ಬೆರಳಿನಿಂದ ತಂತಿ ಎಳೆದು ಬಿಟ್ಟರು. ಒಬ್ಬರೇ ಇಬ್ಬರ ಕೆಲಸ ಮಾಡಿದರು. 1969ರಲ್ಲಿ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ತಂಡದ 'ಥ್ಯಾಂಕ್ ಯೂ' ಹಾಡಿನಲ್ಲಿ ಅದನ್ನೇ ಜಗತ್ತು ಕೇಳಿತು.

ಅಂದರೆ ಸ್ಲ್ಯಾಪ್ ಹುಟ್ಟಿದ್ದು ಹಾಡಿನಲ್ಲಿ ಏನೋ ಕಮ್ಮಿ ಇತ್ತು ಅಂತ. ಈಗಿನ ವೀಡಿಯೋಗಳಲ್ಲಿ ಹಾಡೇ ಇರುವುದಿಲ್ಲ. ಮೂವತ್ತು ಸೆಕೆಂಡು ಚಟಪಟ, ಮುಗೀತು. ಇವತ್ತು ಬೇಸ್ ಲೋಕದಲ್ಲಿ ಅತಿ ಹೆಚ್ಚು ಓವರ್‌ರೇಟೆಡ್ ಯಾವುದು ಅಂದರೆ ನಾನು ವ್ಯಕ್ತಿಯ ಹೆಸರು ಹೇಳುವುದಿಲ್ಲ, ಈ ಅಭ್ಯಾಸದ ಹೆಸರು ಹೇಳುತ್ತೇನೆ. ನೀವು ಕಲಿಯಿರಿ. ಆದರೆ ಒಬ್ಬ ಡ್ರಮ್ಮರ್ ಜೊತೆ ಕೂತು ಕಲಿಯಿರಿ. ಅವರು ಹೊಡೆಯುವ ಕಡೆಯೆಲ್ಲ ನೀವೂ ಹೊಡೆದರೆ ಯಾರಾದರೂ ಒಬ್ಬರು ಸುಮ್ನೆ ಕೂರಬಹುದು, ಅಲ್ವಾ?

ಜಾರಿಕೊಳ್ಳಬೇಡಿ. ಒಬ್ಬ ಓವರ್‌ರೇಟೆಡ್, ಒಬ್ಬ ಅಂಡರ್‌ರೇಟೆಡ್. ಹೆಸರು ಹೇಳಲೇಬೇಕು.
— ಬೆಂಗಳೂರು, ಜಯನಗರ

ಸರಿ. ಓವರ್‌ರೇಟೆಡ್ ಅಂದರೆ ಸಿಡ್ ವಿಷಸ್. ಇಂಗ್ಲೆಂಡಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ನ ಬೇಸ್ ವಾದಕ ಅಂತ ಟೀ ಶರ್ಟಿನ ಮೇಲೆಲ್ಲ ಅವರ ಚಿತ್ರ ಇದೆ. ಆದರೆ ಆ ತಂಡದ ಒಂದೇ ಒಂದು ಸ್ಟುಡಿಯೋ ಆಲ್ಬಮ್ಮಿನಲ್ಲಿ, 1977ರದು, ಬೇಸ್ ಬಹುಪಾಲು ನುಡಿಸಿದ್ದು ಗಿಟಾರಿನ ಸ್ಟೀವ್ ಜೋನ್ಸ್. ಸಿಡ್‌ಗಿಂತ ಮುಂಚೆ ಆ ಜಾಗದಲ್ಲಿ ಗ್ಲೆನ್ ಮ್ಯಾಟ್ಲಾಕ್ ಇದ್ದರು. ಹೆಚ್ಚಿನ ಹಾಡುಗಳನ್ನು ಕಟ್ಟುವಲ್ಲಿ ಅವರ ಕೈ ಇತ್ತು. ಅವರ ಚಿತ್ರ ಇರುವ ಟೀ ಶರ್ಟ್ ಎಲ್ಲಿದೆ?

ಅಂಡರ್‌ರೇಟೆಡ್ ಅಂದರೆ ಆಸ್ಟನ್ ಬ್ಯಾರೆಟ್. ಎಲ್ಲರೂ 'ಫ್ಯಾಮಿಲಿ ಮ್ಯಾನ್' ಅನ್ನುತ್ತಿದ್ದರು. ಬಾಬ್ ಮಾರ್ಲಿ ಹಾಡನ್ನು ಗುನುಗಿ ಅಂದರೆ ಅರ್ಧ ಜನ ತಮಗೇ ಗೊತ್ತಿಲ್ಲದೆ ಬ್ಯಾರೆಟ್ ಅವರ ಬೇಸ್ ಗುನುಗುತ್ತಾರೆ. ಮಾರ್ಲಿಯವರ ಜಮೈಕಾದ ಸಂಗೀತ ರೆಗ್ಗೆಯಲ್ಲಿ ಬೇಸ್ ಎಂದರೆ ಬರೀ ತಳ ಅಲ್ಲ, ಅದೇ ಎರಡನೇ ರಾಗ. ಅವರು ನುಡಿಸಿದ ಸ್ವರಗಳಷ್ಟೇ ಬಿಟ್ಟ ಜಾಗವನ್ನೂ ಕೇಳಬೇಕು. ಡ್ರಮ್ಮಿನಲ್ಲಿ ಅವರ ತಮ್ಮ ಕಾರ್ಲ್‌ಟನ್. ಅಣ್ಣತಮ್ಮಂದಿರು ಸೇರಿ ಮೊದಲ ಪೆಟ್ಟನ್ನು ಖಾಲಿ ಬಿಡುತ್ತಿದ್ದರು. ನಾವು ಸಮಕ್ಕೆ ಬಂದು ಬೀಳುವ ಜನ, ಅವರು ಅಲ್ಲೇ ಉಸಿರು ಹಿಡಿಯುತ್ತಾರೆ. ಮುಂದಿನ ಪೆಟ್ಟಿಗೆ ಮೈ ತಾನಾಗಿ ಅಲ್ಲಾಡುತ್ತದೆ. ಬ್ಯಾರೆಟ್ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಒಂದು ಕಾಲಂ ಸುದ್ದಿಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನೊಬ್ಬರನ್ನು ಸೇರಿಸಲೇ? ಮೆಂಫಿಸ್‌ನ ಡಕ್ ಡನ್. ಓಟಿಸ್ ರೆಡ್ಡಿಂಗ್ ಅವರ 'ಡಾಕ್ ಆಫ್ ದ ಬೇ' ಹಾಡಿನ ಬೇಸ್ ಅವರದು. ಒಂದು ಸ್ವರ ಜಾಸ್ತಿ ಇಲ್ಲ.

ಪಾಲ್ ಮೆಕಾರ್ಟ್ನಿಯನ್ನು ಬೇಸ್ ವಾದಕ ಅಂತ ಯಾರೂ ಲೆಕ್ಕಕ್ಕೇ ಇಡುವುದಿಲ್ಲವಲ್ಲ?
— ಮಂಗಳೂರು

ನಿಜ. ಹಾಡು ಬರೆದರು, ಹಾಡಿದರು, ಅದರ ನೆರಳಲ್ಲಿ ಬೇಸ್ ಮರೆಯಾಯಿತು. 1969ರ 'ಸಮ್‌ಥಿಂಗ್' ಕೇಳಿ. ಹಾಡು ಜಾರ್ಜ್ ಹ್ಯಾರಿಸನ್ ಅವರದು, ಹಾಡಿದ್ದೂ ಅವರೇ. ಕೆಳಗೆ ಬೇಸ್ ಇನ್ನೊಂದು ಹಾಡು ಹಾಡುತ್ತಿರುತ್ತದೆ. 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಹೊತ್ತಿಗೆ ಮೆಕಾರ್ಟ್ನಿ ಉಳಿದದ್ದೆಲ್ಲ ರೆಕಾರ್ಡ್ ಆದ ಮೇಲೆ ಬೇಸನ್ನು ಬೇರೆ ಟ್ರ್ಯಾಕಿನಲ್ಲಿ ಕೊನೆಗೆ ನುಡಿಸುತ್ತಿದ್ದರು. ಎಲ್ಲಿ ಜಾಗ ಇದೆ ಅಂತ ಪೂರ್ತಿ ಗೊತ್ತಾದ ಮೇಲೆ ನುಡಿಸಿದ ಬೇಸ್ ಅದು. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಅವರ ಪಿಟೀಲಿನಾಕಾರದ ಹಾಫ್ನರ್ ಬೇಸ್ 1972ರಲ್ಲಿ ಕಳುವಾಗಿತ್ತು. ಮತ್ತೆ ಸಿಕ್ಕಿತು ಅಂತ 2024ರಲ್ಲಿ ಸುದ್ದಿ ಬಂದಾಗ ನನಗೆ ಮನೆಯವರದೇ ಏನೋ ಸಿಕ್ಕಷ್ಟು ಖುಷಿಯಾಯಿತು.

ನಾನು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತೇನೆ. ಗಣೇಶನ ಹಬ್ಬದಲ್ಲಿ ದಿನಾ ಕಾರ್ಯಕ್ರಮ. ಜನ ಗಾಯಕರಿಗೆ ಹಾರ ಹಾಕುತ್ತಾರೆ, ಕೀಬೋರ್ಡಿಗೆ ಚಪ್ಪಾಳೆ. ನನ್ನದು ಯಾರಿಗೂ ಕೇಳುವುದೇ ಇಲ್ಲ. ಬಿಟ್ಟುಬಿಡೋಣ ಅನಿಸಿದೆ.
— ದಾವಣಗೆರೆ

ದಯವಿಟ್ಟು ಬಿಡಬೇಡಿ. ಮೊದಲು ಸೌಂಡಿನ ವಿಷಯ ನೋಡೋಣ. ಪೆಂಡಾಲಿನ ದೊಡ್ಡ ಸ್ಪೀಕರಿನಲ್ಲಿ ಎಲ್ಲದರ ತಳವೂ ಒಟ್ಟಿಗೆ ಗುಂಯ್ ಅನ್ನುತ್ತದೆ. ನಿಮ್ಮ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅದು ಆ ಗುಂಯ್‌ನಲ್ಲಿ ಮುಳುಗುತ್ತದೆ. ಕೇಳಿಸಲಿ ಅಂತ ನೀವು ಬೇಸ್ ನಾಬ್ ತಿರುಗಿಸಿದಷ್ಟೂ ಇನ್ನೂ ಮುಳುಗುತ್ತೀರಿ. ಅದನ್ನು ಇಳಿಸಿ, ಮಿಡ್, ಅಂದರೆ ನಡುವಿನ ಸ್ವರಗಳ ನಾಬ್, ಏರಿಸಿ. 500ರಿಂದ 800 ಹರ್ಟ್ಸ್ ಹತ್ತಿರ ಸ್ವಲ್ಪ ಎತ್ತಿಕೊಡಿ ಅಂತ ಮಿಕ್ಸರಿನವರಿಗೆ ಹೇಳಿ. ಬೆರಳು ತಂತಿ ಬಿಟ್ಟ ಸದ್ದು ಆಗ ಹಿಂದಿನ ಸಾಲಿಗೂ ಹೋಗುತ್ತದೆ.

ಇನ್ನೊಂದು, ಡ್ರಮ್ಮರ್ ಪಕ್ಕದಲ್ಲೇ ನಿಲ್ಲಿ. ಅವರ ಬಲಗಾಲು ನಿಮಗೆ ಕಾಣಬೇಕು. ಪಲ್ಲವಿಯಲ್ಲಿ ಕಡಿಮೆ ನುಡಿಸಿ. ಒಂದು ಹಾಡಿನಲ್ಲಿ, ಚರಣಕ್ಕೆ ಮುಂಚೆ, ನಾಲ್ಕು ಆವರ್ತ ಪೂರ್ತಿ ನಿಲ್ಲಿಸಿ ಆಮೇಲೆ ಸೇರಿಕೊಳ್ಳಿ. ಮುಂದಿನ ಸಾಲಿನ ಜನರ ಕಾಲು ನೋಡುತ್ತಿರಿ. ನೀವು ಸೇರಿದ ಕ್ಷಣ ಅವು ಅಲ್ಲಾಡುತ್ತವೆ. ಯಾಕೆ ಅಂತ ಅವರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ. ನಿಮ್ಮ ಡ್ರಮ್ಮರಿಗೂ ಗೊತ್ತಿರುತ್ತದೆ.

ಕನ್ನಡ ಹಾಡುಗಳಲ್ಲಿ ಬೇಸ್ ಕೇಳಲು ಎಲ್ಲಿಂದ ಶುರು ಮಾಡಲಿ?
— ತುಮಕೂರು

ಇಳಯರಾಜರಿಂದ. ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಈ ಎರಡು ಸಿನಿಮಾಗಳ ಹಾಡು ಸಾಕು, ತಿಂಗಳ ಪಾಠ ಆಗುತ್ತದೆ. ಅವರು ಪ್ರತಿ ವಾದ್ಯದ ಭಾಗವನ್ನೂ ಸ್ವರಲಿಪಿಯಲ್ಲಿ ಬರೆದು ಕೊಡುವವರು. ಹಾಗಾಗಿ ಅವರ ಬೇಸ್ ಗಾಯಕರ ರಾಗದ ಹಿಂದೆ ತೂಗಿಕೊಂಡು ಬರುವುದಿಲ್ಲ, ತನ್ನದೇ ದಾರಿ ಹಿಡಿದು ಬಂದು ಸರಿಯಾದ ಜಾಗದಲ್ಲಿ ಸೇರಿಕೊಳ್ಳುತ್ತದೆ. ಈಚಿನವರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದಲ್ಲಿ ಬೇಸ್ ನುಡಿಸಿದ ಗೌರವ್ ವಾಝ್ ಅವರನ್ನು ಕೇಳಿ. ಜಾನಪದದ ನಡೆಗೆ ಬೇಸ್ ಎಲ್ಲಿ ಕೂರಬೇಕು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಒಂದು ಮಾತು. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅಷ್ಟು ಕೆಳಗಿನ ಸ್ವರ ಅದರಲ್ಲಿ ಬರುವುದೇ ಇಲ್ಲ. ಮೇಲಿನ ಅಂಶ ಕೇಳಿ ಉಳಿದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ ಅಷ್ಟೇ.

ಐದು ತಂತಿಯ ಬೇಸ್ ತೆಗೆದುಕೊಳ್ಳಲೇ?
— ಹಾಸನ

ನಾಲ್ಕರಲ್ಲಿ ಒಂದು ಇಡೀ ಹಾಡನ್ನು, ಡ್ರಮ್ಮರ್ ಜೊತೆ, ಎಲ್ಲೂ ಓಡದೆ ನುಡಿಸಿದ ಮೇಲೆ ತೆಗೆದುಕೊಳ್ಳಿ. ಚರ್ಚಿನಲ್ಲೋ ಆರ್ಕೆಸ್ಟ್ರಾದಲ್ಲೋ ಗಾಯಕರು ದಿನಕ್ಕೊಂದು ಶ್ರುತಿ ಬದಲಿಸುವವರಾದರೆ ಮಾತ್ರ ಈಗಲೇ ತೆಗೆದುಕೊಳ್ಳಿ. ಇನ್ನೂ ಕೆಳಗಿನ ಸ್ವರದ ಆ ಐದನೇ ತಂತಿ ಆಗ ನಿಜವಾಗಿ ಉಪಯೋಗಕ್ಕೆ ಬರುತ್ತದೆ.