ಹಿಜ್ಕೀಯನಿಗೆ ಹದಿನೈದು ವರ್ಷ ಸಿಕ್ಕಿತು, ನಮಗೇಕಿಲ್ಲ?

ನೀವು ಕೇಳಿದ್ದು ಇದು: ಪತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಚರ್ಚಿನ ಸಭೆಯವರು ಮನೆಗೆ ಬಂದು, ಬೈಬಲಿನ ಹಿಜ್ಕೀಯ ಅರಸನಂತೆ ಕಣ್ಣೀರಿಟ್ಟು ಪ್ರಾರ್ಥಿಸಿದರೆ ದೇವರು ಆಯುಷ್ಯ ಕೂಡಿಸುತ್ತಾನೆ ಎಂದು ಹೇಳಿ ಹೋಗುತ್ತಾರೆ. ಅತ್ತದ್ದೂ ಆಯಿತು, ಉಪವಾಸ ಮಾಡಿದ್ದೂ ಆಯಿತು, ಏನೂ ಬದಲಾಗಿಲ್ಲ. ಹಾಗಾದರೆ ನಿಮ್ಮ ವಿಶ್ವಾಸದಲ್ಲಿ ಕೊರತೆಯಿದೆಯೇ? ಆ ಅರಸರ ಕಥೆಗಳಲ್ಲಿ ನಿಮ್ಮಂಥವರಿಗೆ ಏನಾದರೂ ಇದೆಯೇ?

ಮೊದಲ ಪ್ರಶ್ನೆಗೆ ಉತ್ತರ, ಇಲ್ಲ. ಎರಡನೆಯದಕ್ಕೆ, ಖಂಡಿತ ಇದೆ. ಆದರೆ ಅದನ್ನು ಹಿಜ್ಕೀಯನ ಹತ್ತಿರ ಹುಡುಕಿದರೆ ಸಿಗುವುದು ಕಡಿಮೆ. ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಅರಸರ ಪಟ್ಟಿ ಬಾಯಿಪಾಠ ಮಾಡಿಸುತ್ತ ವಯಸ್ಸು ಕಳೆದವನು. ತಂಗಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಾಗ ನಮ್ಮ ಮನೆಗೂ ಹಿಜ್ಕೀಯನನ್ನು ಕರೆತಂದವರಿದ್ದರು. ಅವಳು ತೀರಿಕೊಂಡಳು. ಆಮೇಲೆ ಬೈಬಲಿನ ಅರಸುಗಳ ಎರಡೂ ಪುಸ್ತಕಗಳನ್ನು ಮಕ್ಕಳ ಪರೀಕ್ಷೆಗಾಗಿ ಓದುವುದನ್ನು ಬಿಟ್ಟು ನನಗಾಗಿ ಓದಿದೆ.

ಹಿಜ್ಕೀಯನ ಕಥೆಯನ್ನು ನಮ್ಮವರು ಹೇಳುವುದು ಹೀಗೆ. ಮರಣಕರ ರೋಗ. ಪ್ರವಾದಿ ಯೆಶಾಯ ಬಂದು ‘ನೀನು ಉಳಿಯುವುದಿಲ್ಲ, ಮನೆಯ ವ್ಯವಸ್ಥೆ ಮಾಡಿಕೋ’ ಎನ್ನುತ್ತಾನೆ. ಅರಸ ಗೋಡೆಯ ಕಡೆಗೆ ಮುಖ ತಿರುಗಿಸಿ ಬಹಳವಾಗಿ ಅಳುತ್ತಾನೆ. ಪ್ರವಾದಿ ಅರಮನೆಯ ಅಂಗಳ ದಾಟುವಷ್ಟರಲ್ಲಿ ಹದಿನೈದು ವರ್ಷ ಮಂಜೂರು. ಅಲ್ಲಿಗೆ ಆಮೆನ್, ಅಲ್ಲಿಗೆ ಚಹಾ. ಎರಡನೆಯ ಅರಸುಗಳ 20ನೆಯ ಅಧ್ಯಾಯ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಯೆಶಾಯ ಅಂಜೂರದ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸುತ್ತಾನೆ. ದೇವರ ವಾಗ್ದಾನ ಕೈಗೆ ಬಂದ ಮೇಲೂ ಔಷಧ ಬೇಕಾಯಿತು! ಇದನ್ನು ನಿಮಗೆ ಒತ್ತಿ ಹೇಳಲು ಕಾರಣವಿದೆ. ‘ವಿಶ್ವಾಸವಿದ್ದರೆ ಡಯಾಲಿಸಿಸ್ ಏಕೆ’ ಎಂದು ಯಾರಾದರೂ ಕೇಳಿದರೆ ಈ ಅಂಜೂರವನ್ನು ತೋರಿಸಿ. ಅಶ್ಶೂರ ಸಾಮ್ರಾಜ್ಯದವರ ಮುತ್ತಿಗೆಯ ಕಾಲದಲ್ಲಿಯೂ ಈ ಅರಸ ಪ್ರಾರ್ಥಿಸಿ ಸುಮ್ಮನೆ ಕೂತವನಲ್ಲ. ಊರಿನೊಳಗೆ ನೀರು ತರಲು ಬಂಡೆ ಕೊರೆಸಿದ. ಸುಮಾರು 530 ಮೀಟರ್ ಉದ್ದದ ಆ ಸುರಂಗದಲ್ಲಿ ಜೆರುಸಲೇಮಿಗೆ ಹೋದವರು ಇಂದಿಗೂ ಮೊಣಕಾಲುದ್ದದ ನೀರಿನಲ್ಲಿ ನಡೆದು ಬರುತ್ತಾರೆ.

ಗುಣವಾದ ಮೇಲೆ ಏನಾಯಿತು? ಬಾಬೆಲಿನಿಂದ, ಅಂದರೆ ಬ್ಯಾಬಿಲೋನಿನಿಂದ, ಯೋಗಕ್ಷೇಮ ವಿಚಾರಿಸಲು ದೂತರು ಬಂದರು. ಹಿಜ್ಕೀಯ ಹಿಗ್ಗಿ ಭಂಡಾರವನ್ನೆಲ್ಲ ತೆರೆದು ತೋರಿಸಿದ. ಇದೆಲ್ಲವೂ ಒಂದು ದಿನ ಬಾಬೆಲಿಗೆ ಹೋಗುತ್ತದೆ, ನಿನ್ನ ಸಂತಾನದವರನ್ನೂ ಒಯ್ಯುತ್ತಾರೆ ಎಂದು ಯೆಶಾಯ ಹೇಳಿದಾಗ ಅರಸ ಸಮಾಧಾನಪಟ್ಟುಕೊಂಡ: ನನ್ನ ಕಾಲದಲ್ಲಂತೂ ನೆಮ್ಮದಿ ಇರುತ್ತದಲ್ಲ! ಅವನ ಮಗ ಮನಸ್ಸೆ ಪಟ್ಟಕ್ಕೆ ಬಂದಾಗ ಹನ್ನೆರಡು ವರ್ಷದವನು. ಅಂದರೆ ಆ ಕೂಡಿಸಿದ ಹದಿನೈದು ವರ್ಷಗಳ ಒಳಗೇ ಹುಟ್ಟಿದವನು. ಇವನು ತನ್ನ ಮಗನನ್ನೇ ಬೆಂಕಿಗೆ ಕೊಟ್ಟ, ಜೆರುಸಲೇಮಿನಲ್ಲಿ ನಿರಪರಾಧಿಗಳ ರಕ್ತ ಹರಿಸಿದ. ಹಾಗಾದರೆ ಹಿಜ್ಕೀಯ ಆಗಲೇ ಸಾಯಬೇಕಿತ್ತು ಎಂದು ಪ್ರಸಂಗ ಮಾಡುವವರನ್ನೂ ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಕ್ರೂರ ಲೆಕ್ಕದ ಬದಲು ಇನ್ನೊಂದು ಕ್ರೂರ ಲೆಕ್ಕ ಅದು. ನಾನು ಹೇಳುವುದು ಇಷ್ಟೇ: ಆಯುಷ್ಯ ಹೆಚ್ಚಿದ್ದು ಕಥೆಯ ಕೊನೆಯಾಗಿರಲಿಲ್ಲ, ಅದನ್ನು ಸೂತ್ರ ಮಾಡಿಕೊಳ್ಳಲು ಗ್ರಂಥವೇ ಬಿಡುವುದಿಲ್ಲ.

ಲಾಕೀಷ್ ಎಂಬ ಊರು ಗೊತ್ತೇ? ಹಿಜ್ಕೀಯನ ರಾಜ್ಯವಾದ ಯೆಹೂದದಲ್ಲಿ ಜೆರುಸಲೇಮಿನ ನಂತರದ ದೊಡ್ಡ ಕೋಟೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ದಂಡೆತ್ತಿ ಬಂದಾಗ, ಹಿಜ್ಕೀಯ ಬೆದರಿಕೆಯ ಪತ್ರವನ್ನು ದೇವಾಲಯದಲ್ಲಿ ದೇವರ ಮುಂದೆ ಹರಡಿ ಪ್ರಾರ್ಥಿಸಿದ, ಜೆರುಸಲೇಮ್ ಉಳಿಯಿತು. ಲಾಕೀಷ್ ಉಳಿಯಲಿಲ್ಲ. 46 ಕೋಟೆಯ ಊರುಗಳನ್ನು ಗೆದ್ದೆ ಎಂದು ಸನ್ಹೇರೀಬ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ತನ್ನ ರಾಜಧಾನಿ ನಿನೆವೆಯ ಅರಮನೆಯಲ್ಲಿ ಲಾಕೀಷಿನ ಪತನವನ್ನು ಕಲ್ಲಿನಲ್ಲಿ ಕೆತ್ತಿಸಿದ್ದ. ಆ ಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳ ಚಿತ್ರಗಳನ್ನು ಒಮ್ಮೆ ನೋಡಿ. ಒಂದು ಕಡೆ ಶೂಲಕ್ಕೇರಿಸಿದ ಗಂಡಸರು. ಇನ್ನೊಂದು ಕಡೆ ಎತ್ತಿನ ಗಾಡಿಯಲ್ಲಿ ಗಂಟುಮೂಟೆಗಳ ಮೇಲೆ ಕೂತು ಗಡೀಪಾರಾಗುತ್ತಿರುವ ಹೆಂಗಸರು, ಮಕ್ಕಳು. ಆ ಗಾಡಿಯಲ್ಲಿದ್ದವರು ಪ್ರಾರ್ಥಿಸಿರಲಿಲ್ಲವೇ? ಜೆರುಸಲೇಮಿನವರಿಗಿಂತ ಅವರ ವಿಶ್ವಾಸ ಒಂದು ತೂಕ ಕಡಿಮೆಯಿತ್ತೇ? ಸತ್ಯವೇದದಲ್ಲಿ ಎಲ್ಲಿಯೂ ಹಾಗೆ ಬರೆದಿಲ್ಲ. ನಿಮ್ಮ ಮನೆಗೆ ಬರುವವರು ಜೆರುಸಲೇಮಿನ ಸಾಕ್ಷಿ ಹೇಳುತ್ತಾರೆ; ನೀವು ಸದ್ಯ ಲಾಕೀಷಿನಲ್ಲಿದ್ದೀರಿ.

ಲೆಕ್ಕ ತಾಳೆಯಾಗದ ಇನ್ನೊಂದು ಜೋಡಿ ಇದೆ. ಆ ರಕ್ತಪಾತದ ಮನಸ್ಸೆ 55 ವರ್ಷ ಆಳಿ ಸತ್ತು ತನ್ನ ಅರಮನೆಯ ತೋಟದಲ್ಲಿಯೇ ಸಮಾಧಿಯಾದ. ಅವನ ಮೊಮ್ಮಗ ಯೋಷೀಯ ದೇವಾಲಯವನ್ನು ದುರಸ್ತಿ ಮಾಡಿಸಿದವನು, ಧರ್ಮಶಾಸ್ತ್ರವನ್ನು ಓದುವುದು ಕೇಳಿ ಬಟ್ಟೆ ಹರಿದುಕೊಂಡವನು, ಪೂರ್ಣಹೃದಯದಿಂದ ದೇವರ ಕಡೆಗೆ ತಿರುಗಿದ ಇಂಥ ಅರಸ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ ಎಂದು ಹೊಗಳಿಸಿಕೊಂಡವನು. ಅವನು ಕ್ರಿ.ಪೂ. 609ರಲ್ಲಿ ಮೆಗಿದ್ದೋವಿನಲ್ಲಿ ಐಗುಪ್ತದ (ಈಜಿಪ್ಟಿನ) ಅರಸ ಫರೋಹ ನೆಕೋವಿನ ಕೈಯಲ್ಲಿ ಹತನಾದ. ವಯಸ್ಸು ಮೂವತ್ತೊಂಬತ್ತು. ಇದೇ ಅರಸರ ಕಥೆಯನ್ನು ಹೇಳುವ ಬೈಬಲಿನ ಇನ್ನೊಂದು ಗ್ರಂಥ ಪೂರ್ವಕಾಲವೃತ್ತಾಂತ ಇದಕ್ಕೆ ಒಂದು ಕಾರಣ ಕೊಡಲು ನೋಡುತ್ತದೆ. ಅರಸುಗಳ ಗ್ರಂಥ ಕಾರಣವನ್ನೇ ಹೇಳದೆ, ಹೆಣವನ್ನು ರಥದಲ್ಲಿ ತಂದರು ಎಂದಷ್ಟೇ ಬರೆದು ಮುಂದೆ ಹೋಗುತ್ತದೆ. ‘ಯಾವ ಜನ್ಮದ ಪಾಪವೋ’ ಎನ್ನುವ ನೆರೆಯವರ ಮಾತಿಗೆ ನಾವು ಕ್ರೈಸ್ತರು ತಲೆಯಾಡಿಸುವುದಿಲ್ಲ, ನಿಜ. ಆದರೆ ‘ಯಾವುದೋ ಗುಪ್ತ ಪಾಪ ಇರಬೇಕು, ಪರೀಕ್ಷಿಸಿಕೊಳ್ಳಿ’ ಎಂದು ರೋಗಿಯ ಹಾಸಿಗೆಯ ಪಕ್ಕ ನಿಂತು ಹೇಳುವಾಗ ಅದೇ ಮಾತನ್ನು ಬೇರೆ ಬಟ್ಟೆ ತೊಡಿಸಿ ತಂದಿರುತ್ತೇವೆ. ಯೋಷೀಯನ ಹೆಣದ ಎದುರು ಆ ಮಾತು ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ನೀವು ಕೇಳುವುದು ನ್ಯಾಯ: ಹಾಗಾದರೆ ಭರವಸೆ ಎಲ್ಲಿ? ನನಗೆ ಅದು ಸಿಕ್ಕಿದ್ದು ಯಾರೂ ಪ್ರಸಂಗಕ್ಕೆ ಆರಿಸಿಕೊಳ್ಳದ ಒಬ್ಬ ಅರಸನಲ್ಲಿ. ಹೆಸರು ಯೆಹೋಯಾಖೀನ. ಹದಿನೆಂಟನೆಯ ವಯಸ್ಸಿಗೆ ಪಟ್ಟ, ಮೂರೇ ತಿಂಗಳ ಆಳ್ವಿಕೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಅವನನ್ನು ತಾಯಿಯ ಸಮೇತ ಬಾಬೆಲಿಗೆ ಸೆರೆ ಒಯ್ದ. ಸಾಧನೆ ಏನೂ ಇಲ್ಲ. ಒಳ್ಳೆಯವನೂ ಅಲ್ಲ, ದೇವರ ದೃಷ್ಟಿಯಲ್ಲಿ ಕೆಟ್ಟದ್ದನ್ನು ಮಾಡಿದ ಎಂದೇ ಗ್ರಂಥ ಹೇಳುತ್ತದೆ. ಪ್ರವಾದಿ ಯೆರೆಮೀಯನ ಮೂಲಕ ಬಂದ ದೇವರ ಮಾತಂತೂ ಕೇಳಲಾಗದು: ನೀನು ನನ್ನ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತು ಎಸೆಯುತ್ತಿದ್ದೆ, ಇವನನ್ನು ಸಂತಾನಹೀನ ಎಂದು ಬರೆಯಿರಿ, ಇವನ ವಂಶದಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕೂರುವುದಿಲ್ಲ.

ಇಂಥವನೊಂದಿಗೆ ಅರಸುಗಳ ಗ್ರಂಥ ಮುಗಿಯುತ್ತದೆ. ದೇವಾಲಯ ಸುಟ್ಟಿದೆ, ಗೋಡೆ ಬಿದ್ದಿದೆ, ಅವನ ನಂತರದ ಅರಸ ಚಿದ್ಕೀಯನ ಕಣ್ಣೆದುರಿಗೆ ಮಕ್ಕಳನ್ನು ಕೊಂದು ಆಮೇಲೆ ಕಣ್ಣು ಕಿತ್ತಿದ್ದಾರೆ. ಅಷ್ಟೆಲ್ಲ ಆದ ಮೇಲೆ ಕೊನೆಯ ನಾಲ್ಕು ವಚನಗಳು. ಸೆರೆಯ ಮೂವತ್ತೇಳನೆಯ ವರ್ಷದಲ್ಲಿ ಬಾಬೆಲಿನ ಹೊಸ ಅರಸ ಎವೀಲ್ಮೆರೋದಕ ಯೆಹೋಯಾಖೀನನನ್ನು ಸೆರೆಮನೆಯಿಂದ ಬಿಡಿಸುತ್ತಾನೆ, ದಯೆಯಿಂದ ಮಾತನಾಡುತ್ತಾನೆ. ಸೆರೆಮನೆಯ ಬಟ್ಟೆ ಬದಲಾಗುತ್ತದೆ. ಬದುಕಿರುವ ತನಕ ಅರಸನ ಪಂಕ್ತಿಯಲ್ಲಿ ಊಟ, ದಿನದಿನದ ಖರ್ಚಿಗೆ ದಿನದಿನದ ಭತ್ಯೆ. ಊರಿಗೆ ಮರಳಲಿಲ್ಲ, ಸಿಂಹಾಸನ ಸಿಗಲಿಲ್ಲ. ಹದಿನೆಂಟರ ಹುಡುಗ ಐವತ್ತೈದರ ಮುದುಕನಾಗಿದ್ದಾನೆ. ಇಂದಿನ ಊಟ ಇಂದು ಬರುತ್ತದೆ, ಅಷ್ಟೇ.

ಇದು ಕಟ್ಟುಕಥೆಯಲ್ಲ ಎನ್ನುವುದಕ್ಕೆ ಮಣ್ಣಿನ ಸಾಕ್ಷಿಯೂ ಇದೆ. ಜರ್ಮನಿಯ ಪುರಾತತ್ತ್ವಜ್ಞ ಕೋಲ್ಡೆವೇ ಬಾಬೆಲಿನ ಅರಮನೆಯನ್ನು ಅಗೆದಾಗ ಪಡಿತರದ ಲೆಕ್ಕ ಬರೆದ ಮಣ್ಣಿನ ಹಲಗೆಗಳು ಸಿಕ್ಕವು. 1939ರಲ್ಲಿ ಅವು ಓದಿಗೆ ಬಂದವು. ನೆಬೂಕದ್ನೆಚ್ಚರನ ಕಾಲದ ಆ ಲೆಕ್ಕದಲ್ಲಿ ಯೆಹೂದದ ಅರಸನಿಗೆ ಇಷ್ಟು ಎಣ್ಣೆ, ಅವನ ಐವರು ಗಂಡುಮಕ್ಕಳಿಗೆ ಇಷ್ಟು ಎಂದಿದೆ. ಶತ್ರುವಿನ ಉಗ್ರಾಣದ ಗುಮಾಸ್ತ ಯಾವ ಭಕ್ತಿಯೂ ಇಲ್ಲದೆ ಬರೆದ ಲೆಕ್ಕ. ಸಂತಾನಹೀನ ಎಂದು ಬರೆಯಿರಿ ಎನ್ನಿಸಿಕೊಂಡವನ ಐವರು ಮಕ್ಕಳು ಅದರಲ್ಲಿ ಎಣ್ಣೆ ಇಸಿದುಕೊಂಡಿದ್ದಾರೆ! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಮನೆತನದ ಜೆರುಬ್ಬಾಬೆಲ ಸೆರೆಯಿಂದ ಮರಳಿ ಬಂದು ಜೆರುಸಲೇಮಿನಲ್ಲಿ ದೇವಾಲಯ ಕಟ್ಟಲು ನಿಂತ. ಅವನಿಗೆ ಪ್ರವಾದಿ ಹಗ್ಗಾಯನ ಮೂಲಕ ದೇವರು ಹೇಳಿದ್ದು, ನಿನ್ನನ್ನು ಮುದ್ರೆಯುಂಗುರದಂತೆ ಇಟ್ಟುಕೊಳ್ಳುತ್ತೇನೆ. ಅಜ್ಜನ ಕಾಲದಲ್ಲಿ ಕಿತ್ತೆಸೆದ ಉಂಗುರ ಮೊಮ್ಮಗನ ಕಾಲದಲ್ಲಿ ಮತ್ತೆ ಬೆರಳಿಗೆ. ಮುಂದೆ ಸುವಾರ್ತೆಯ ಲೇಖಕ ಮತ್ತಾಯ ಯೇಸುವಿನ ವಂಶಾವಳಿ ಬರೆದಾಗ ಈ ಯೆಹೋಯಾಖೀನನನ್ನು ಬಿಟ್ಟುಬಿಡಬಹುದಿತ್ತು. ಬೇರೆ ಕೆಲವು ಅರಸರನ್ನು ಬಿಟ್ಟಿದ್ದಾನೆ ಕೂಡ. ಇವನನ್ನು ಮಾತ್ರ ‘ಯೆಕೊನ್ಯ’ ಎಂದು ಬಾಬೆಲಿನ ಸೆರೆಯ ಪಕ್ಕದಲ್ಲಿಯೇ ನಿಲ್ಲಿಸಿದ್ದಾನೆ. ಕ್ರಿಸ್‌ಮಸ್ ಹೊತ್ತಿಗೆ ನಾವು ಬೇಸರದಿಂದ ಹಾಯಿಸಿ ಬಿಡುವ ಆ ಹೆಸರುಗಳ ಸಾಲಿನಲ್ಲಿ ನನ್ನ ನಿರೀಕ್ಷೆ ಕೂತಿದೆ. ಯೆಹೋಯಾಖೀನನಿಗೆ ಇದೊಂದೂ ತಿಳಿಯಲಿಲ್ಲ. ಅವನಿಗೆ ಸಿಕ್ಕಿದ್ದು ಅಂದಂದಿನ ಭತ್ಯೆ ಮಾತ್ರ.

ಆ ವಂಶದಲ್ಲಿ ಬಂದ ಅರಸನಾದ ಯೇಸುವನ್ನೂ ಗೆದ್ದವರ ಪಕ್ಕದಲ್ಲಿ ಹುಡುಕಬೇಡಿ. ಮಗ ಅಬ್ಷಾಲೋಮ ದಂಗೆಯೆದ್ದಾಗ ಆ ವಂಶದ ಮೂಲಪುರುಷ ದಾವೀದ ಅರಸ ಬರಿಗಾಲಿನಲ್ಲಿ ಅಳುತ್ತ ಕಿದ್ರೋನ್ ಹಳ್ಳ ದಾಟಿ ಎಣ್ಣೇಮರಗಳ ಗುಡ್ಡ ಹತ್ತಿದ್ದ. ಹಿಡಿದುಕೊಡಲ್ಪಟ್ಟ ರಾತ್ರಿ ಯೇಸು ದಾಟಿದ್ದು ಅದೇ ಹಳ್ಳವನ್ನು. ದಾವೀದನ ಹೆಸರಿನ ಕೀರ್ತನೆಯ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬ ಕೂಗನ್ನೇ ಶಿಲುಬೆಯ ಮೇಲೆ ಕೂಗಿದ. ಹಿಜ್ಕೀಯನಿಗೆ ಸಿಕ್ಕ ಹದಿನೈದು ವರ್ಷ ಅವನಿಗೆ ಸಿಗಲಿಲ್ಲ. ನೀವು ‘ಏಕೆ’ ಎಂದು ಕೇಳಿದರೆ ಅವಿಶ್ವಾಸ ಎನ್ನುವವರು ಆ ಕೂಗನ್ನು ಏನೆನ್ನುತ್ತಾರೋ ನನಗೆ ತಿಳಿಯದು. ಮೂರನೆಯ ದಿನ ದೇವರು ಅವನನ್ನು ಎಬ್ಬಿಸಿದ, ಎಬ್ಬಿಸಿದ ಮೇಲೂ ಕೈಯ ಗಾಯದ ಗುರುತು ಹಾಗೆಯೇ ಇತ್ತು. ನನ್ನ ತಂಗಿಯ ವಿಷಯದಲ್ಲಿ ನಾನು ನಂಬಿ ಕಾಯುತ್ತಿರುವುದು ಆ ಎಬ್ಬಿಸುವಿಕೆಯನ್ನು. ನಿಮ್ಮ ಪತಿ ಗುಣವಾಗಲಿ ಎಂದು ಇಂದು ರಾತ್ರಿ ಪ್ರಾರ್ಥಿಸುತ್ತೇನೆ, ಸಂಕೋಚವಿಲ್ಲದೆ ಕೇಳುತ್ತೇನೆ. ಆದರೆ ಭರವಸೆಯ ಭಾರವನ್ನು ಅದರ ಮೇಲೆ ಹೊರಿಸುವುದಿಲ್ಲ.

ಓದುವ ಮನಸ್ಸಿದ್ದರೆ ಹಿಜ್ಕೀಯನನ್ನು ಸದ್ಯ ಪಕ್ಕಕ್ಕಿಡಿ. 22ನೆಯ ಕೀರ್ತನೆಯನ್ನು ಪೂರ್ತಿ ಓದಿ, ಮೊದಲ ವಚನಕ್ಕೆ ನಿಲ್ಲಿಸಬೇಡಿ. ಆಮೇಲೆ 2 ಅರಸುಗಳು 25, ಬಳಿಕ ಮತ್ತಾಯ 1. ಅರಸುಗಳ ಆ ಕೊನೆಯ ಅಧ್ಯಾಯದ ಆರಂಭ ಭೀಕರವಾಗಿದೆ, ಮಲಗುವ ಮುನ್ನ ಬೇಡ. ಬೆಳಗಿನ ಹೊತ್ತು ಓದಿ, 27ನೆಯ ವಚನ ದಾಟುವ ತನಕ ಪುಸ್ತಕ ಮುಚ್ಚಬೇಡಿ. ಪತಿಗೆ ಕೇಳುವ ಚೈತನ್ಯವಿದ್ದರೆ ಆ ಕೊನೆಯ ನಾಲ್ಕು ವಚನಗಳನ್ನು ಅವರಿಗೂ ಓದಿ ಹೇಳಿ.