ಗೈಡಿನ ಎಚ್-ಇಂಡೆಕ್ಸ್ ನೋಡಿ ಪಿಎಚ್‌ಡಿಗೆ ಸೇರಬಹುದೇ?

ಪ್ರಶ್ನೆ: ನನ್ನ ಮಗಳಿಗೆ ಪುಣೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಆಣ್ವಿಕ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡಲು ಅವಕಾಶ ಸಿಕ್ಕಿದೆ. ಇಬ್ಬರು ಗೈಡ್‌ಗಳಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಒಬ್ಬರು ಹಿರಿಯರು, ಅವರ ಎಚ್-ಇಂಡೆಕ್ಸ್ 41. ಇನ್ನೊಬ್ಬರು ಏಳು ವರ್ಷಗಳಿಂದ ಅಲ್ಲಿದ್ದಾರೆ, ಅವರದು 14. ನಮ್ಮ ಭಾವನವರು ‘ಕಣ್ಣು ಮುಚ್ಚಿಕೊಂಡು 41ರವರ ಬಳಿ ಸೇರಿಸಿ’ ಎನ್ನುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಲೆಕ್ಕ ತಿಳಿಯದು. ದಯವಿಟ್ಟು ವಿವರಿಸಿ.
— ಓದುಗರು, ಡೊಂಬಿವಲಿ

ಉತ್ತರ: ಮಾನ್ಯರೇ, ಇದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಲೆಕ್ಕ. ಒಬ್ಬರ ಪ್ರಬಂಧಗಳನ್ನು ಬೇರೆಯವರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಿದಾಗ, ತಲಾ 41 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳು 41 ಇದ್ದರೆ ಅವರ ಎಚ್-ಇಂಡೆಕ್ಸ್ 41 ಎಂದಾಗುತ್ತದೆ. ನೀವು ಬ್ಯಾಂಕಿನವರಾದ್ದರಿಂದ ಹೀಗೆ ಹೇಳುತ್ತೇನೆ: ಇದು ಜಮೆ ಮಾತ್ರ ಇರುವ, ಖರ್ಚು ಬೀಳದ ಖಾತೆ. ಆ ವಿಜ್ಞಾನಿ ಹತ್ತು ವರ್ಷಗಳಿಂದ ಹೊಸದೇನನ್ನೂ ಮಾಡದಿದ್ದರೂ ಸಂಖ್ಯೆ ಇಳಿಯುವುದಿಲ್ಲ; ಹಳೆಯ ಪ್ರಬಂಧಗಳಿಗೆ ಉಲ್ಲೇಖ ಬೀಳುತ್ತಿದ್ದರೆ ಏರುತ್ತಲೂ ಹೋಗುತ್ತದೆ. ಹಾಗಾಗಿ ಹಿರಿಯರನ್ನೂ ಕಿರಿಯರನ್ನೂ ಇದರಿಂದ ತೂಗುವುದು ಸೇವಾವಧಿಯನ್ನು ನೋಡದೆ ಇಬ್ಬರ ಪಿಂಚಣಿಯನ್ನು ಹೋಲಿಸಿದಂತೆ. ಏಳು ವರ್ಷದ ಲ್ಯಾಬಿಗೆ 14 ಎಂಬುದು ನನ್ನ ಕಣ್ಣಿಗೆ ಕಡಿಮೆಯಲ್ಲ.

ಇನ್ನೊಂದು ತೊಡಕಿದೆ. ಉಲ್ಲೇಖಗಳನ್ನು ಎಣಿಸಿಕೊಡುವ ಜಾಲತಾಣಗಳಾದ ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಒಬ್ಬರಿಗೇ ಎರಡು ಬೇರೆ ಸಂಖ್ಯೆಗಳನ್ನು ಕೊಡುತ್ತವೆ, ಏಕೆಂದರೆ ಮೊದಲನೆಯದು ಪ್ರೌಢಪ್ರಬಂಧ, ಪುಸ್ತಕಗಳಲ್ಲಿನ ಉಲ್ಲೇಖಗಳನ್ನೂ ಧಾರಾಳವಾಗಿ ಸೇರಿಸಿಕೊಳ್ಳುತ್ತದೆ. ಇಬ್ಬರ ಸಂಖ್ಯೆಯನ್ನೂ ಒಂದೇ ಕಡೆಯಿಂದ ತೆಗೆದುಕೊಂಡಿದ್ದೀರಾ ಎಂದು ನೋಡಿಕೊಳ್ಳಿ. ಅದಕ್ಕಿಂತ ಮುಖ್ಯವಾದುದು ಲೇಖಕರ ಹೆಸರುಗಳ ಸಾಲು. ನಮ್ಮ ಕ್ಷೇತ್ರದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಲ್ಯಾಬಿನಲ್ಲಿ ಕೈಯಾರೆ ಪ್ರಯೋಗ ಮಾಡಿದ ವಿದ್ಯಾರ್ಥಿಯದು, ಕೊನೆಯದು ಲ್ಯಾಬಿನ ಮುಖ್ಯಸ್ಥರದು. ಎಚ್-ಇಂಡೆಕ್ಸಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಮೂವತ್ತು ಹೆಸರುಗಳ ನಡುವೆ ಹದಿನೇಳನೆಯವರಾಗಿ ನಿಂತವರಿಗೂ ಅದು ಪೂರ್ತಿ ಅಂಕವನ್ನೇ ಕೊಡುತ್ತದೆ. ಮಗಳಿಗೆ ಹೇಳಿ: ಇಬ್ಬರೂ ಕಳೆದ ಐದು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳನ್ನು ಹರಡಿಕೊಂಡು, ಎಷ್ಟರಲ್ಲಿ ಅವರದೇ ವಿದ್ಯಾರ್ಥಿಗಳು ಮೊದಲ ಹೆಸರಿನಲ್ಲಿದ್ದಾರೆ, ಆ ವಿದ್ಯಾರ್ಥಿಗಳು ಪಿಎಚ್‌ಡಿ ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು, ಈಗ ಎಲ್ಲಿದ್ದಾರೆ ಎಂದು ಹುಡುಕಲಿ. ಸಾಧ್ಯವಾದರೆ ಎರಡೂ ಲ್ಯಾಬುಗಳಲ್ಲಿ ಕೆಲವು ವಾರ ಕೂತು ಬರಲಿ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಅಲ್ಲಿನ ಮೂರನೇ ವರ್ಷದ ವಿದ್ಯಾರ್ಥಿಗಳು ಹೇಳುವುದು ಯಾವ ಜಾಲತಾಣದಲ್ಲೂ ಸಿಗುವುದಿಲ್ಲ.

ಇಲ್ಲಿ ನಮ್ಮ ಮುಂಬಯಿಯ ಒಬ್ಬರ ನೆನಪಾಗುತ್ತದೆ. 1962ರಲ್ಲಿ ಒಬೈದ್ ಸಿದ್ದೀಕಿಯವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆಣ್ವಿಕ ಜೀವವಿಜ್ಞಾನ ವಿಭಾಗವನ್ನು ಆರಂಭಿಸಿದಾಗ ಈ ಸಂಖ್ಯೆ ಹುಟ್ಟಿಯೇ ಇರಲಿಲ್ಲ. ಬ್ಯಾಕ್ಟೀರಿಯಾದ ತಳಿವಿಜ್ಞಾನದಲ್ಲಿ ಹೆಸರು ಮಾಡಿದ್ದ ಅವರು ನಡುವಯಸ್ಸಿನಲ್ಲಿ ಅದನ್ನು ಬಿಟ್ಟು ಹಣ್ಣುನೊಣದ ನರಮಂಡಲದತ್ತ ತಿರುಗಿದರು. ಅಮೆರಿಕದ ತಳಿವಿಜ್ಞಾನಿ ಸೀಮೋರ್ ಬೆಂಜರ್ ಅವರೊಡನೆ ಸೇರಿ, ಬಿಸಿ ಹೆಚ್ಚಿದರೆ ನಿಶ್ಚಲವಾಗಿ ಬಿದ್ದು ತಂಪಾದರೆ ಮತ್ತೆ ಏಳುವ ನೊಣದ ತಳಿಗಳನ್ನು ಕಂಡುಹಿಡಿದರು. ವರ್ಷಕ್ಕೆ ಇಷ್ಟು ಉಲ್ಲೇಖ ಬೇಕೆಂದು ಎಣಿಸುತ್ತ ಕೂತವರು ಹೀಗೆ ದಾರಿ ಬದಲಿಸುವ ಧೈರ್ಯ ಮಾಡಲಾರರು.

ಪ್ರಶ್ನೆ: ಕಾಲೇಜಿನಲ್ಲಿ ಪಾಠ ಹೇಳುವಾಗ, ಡಿಎನ್‌ಎ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧವೇ ಅತಿ ಹೆಚ್ಚು ಉಲ್ಲೇಖಗೊಂಡದ್ದು ಎಂದೆ. ವಿದ್ಯಾರ್ಥಿಯೊಬ್ಬ ಅಲ್ಲವೆಂದ. ಯಾರು ಸರಿ?
— ಉಪನ್ಯಾಸಕಿ, ಮಡಗಾಂವ್

ಉತ್ತರ: ವಿದ್ಯಾರ್ಥಿಯೇ ಸರಿ. ‘ನೇಚರ್’ ಪತ್ರಿಕೆ 2014ರಲ್ಲಿ ಮಾಡಿದ ಪಟ್ಟಿಯಲ್ಲಿ ಮೊದಲ ಸ್ಥಾನ, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ತಿಳಿಸಿದ ಆಲಿವರ್ ಲೌರಿ ತಂಡದ 1951ರ ಪ್ರಬಂಧಕ್ಕೆ. ಅದಕ್ಕೆ ಆಗಲೇ 3 ಲಕ್ಷ ಮೀರಿ ಉಲ್ಲೇಖಗಳಿದ್ದವು. ಎರಡನೆಯದು ಪ್ರೋಟೀನ್‌ಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ, ಲೆಮ್ಲಿ ಅವರ 1970ರ ಜೆಲ್ ವಿಧಾನ, ಮೂರನೆಯದು ಬ್ರಾಡ್‌ಫರ್ಡ್ ಅವರ 1976ರ ವಿಧಾನ, ಅದೂ ಪ್ರೋಟೀನ್ ಅಳೆಯುವುದೇ. 1953ರ ಡಿಎನ್‌ಎ ಪ್ರಬಂಧ ಮೊದಲ ನೂರರಲ್ಲೂ ಇಲ್ಲ. ವಿಧಾನವನ್ನು ಬಳಸಿದವರೆಲ್ಲ ಅದರ ಮೂಲವನ್ನು ಹೇಳಲೇಬೇಕು. ಪಠ್ಯಪುಸ್ತಕ ಸೇರಿದ ಸತ್ಯಕ್ಕೆ ಮೂಲ ಹೇಳುವ ಅಗತ್ಯವೇ ಬೀಳುವುದಿಲ್ಲ. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ನಕ್ಷೆಯಲ್ಲಿ ತೋರಿಸಿದ ಜಿ. ಎನ್. ರಾಮಚಂದ್ರನ್ ತಂಡದ 1963ರ ಪ್ರಬಂಧದ ವಿಷಯದಲ್ಲೂ ಅಷ್ಟೇ. ‘ರಾಮಚಂದ್ರನ್ ನಕ್ಷೆ’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು.

ತರಗತಿಯಲ್ಲಿ ಶಂಭುನಾಥ್ ಡೇ ಅವರನ್ನೂ ಹೆಸರಿಸಿ. ಕಾಲರಾ ರೋಗಾಣು ವಿಷವನ್ನು ಸ್ರವಿಸುತ್ತದೆ ಎಂದು ಕಲ್ಕತ್ತೆಯಿಂದ 1959ರಲ್ಲಿ ‘ನೇಚರ್’ನಲ್ಲಿ ತೋರಿಸಿಕೊಟ್ಟವರು ಅವರು. ಮೊದಲಿಗೆ ಆ ಪ್ರಬಂಧವನ್ನು ಗಮನಿಸಿದವರು ಕಡಿಮೆ, ಬದುಕಿರುವಾಗ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. 1986ರಲ್ಲಿ, ಅವರು ತೀರಿಕೊಂಡ ಮರುವರ್ಷ, ಆ ಕೆಲಸದ ಪ್ರಭಾವವನ್ನು ಗುರುತಿಸಿ ಬರೆದವರು ಉಲ್ಲೇಖ ಎಣಿಕೆಯ ಸೂಚಿಯನ್ನೇ ರೂಪಿಸಿದ ಯೂಜೀನ್ ಗಾರ್ಫೀಲ್ಡ್. ಎಣಿಕೆಗೂ ತನ್ನದೊಂದು ಉಪಯೋಗವಿದೆ. ಅದು ಬರುವುದು ಮಾತ್ರ ತಡವಾಗಿ.

ಪ್ರಶ್ನೆ: ಹಣ ಕೊಟ್ಟರೆ ವಾರದೊಳಗೆ ಪ್ರಕಟಿಸುತ್ತೇವೆಂದು ದಿನವೂ ಇಮೇಲ್‌ಗಳು ಬರುತ್ತವೆ. ಥೀಸಿಸ್ ಒಪ್ಪಿಸುವ ಮೊದಲು ಒಂದು ಪೇಪರ್ ಬೇಕಲ್ಲವೇ?
— ವಿದ್ಯಾರ್ಥಿ, ಪುಣೆ

ಉತ್ತರ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಗಳಲ್ಲಿ ಆ ಕಡ್ಡಾಯವನ್ನು ಕೈಬಿಡಲಾಗಿದೆ, ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ. ವಾರದೊಳಗೆ ಪ್ರಕಟಿಸುವವರು ಪ್ರಬಂಧವನ್ನು ಪರಿಣತರಿಂದ ಓದಿಸುವುದಿಲ್ಲ. ಒಮ್ಮೆ ಅಲ್ಲಿ ಅಚ್ಚಾದ ಫಲಿತಾಂಶವನ್ನು ಒಳ್ಳೆಯ ಪತ್ರಿಕೆಗಳು ಮತ್ತೆ ತೆಗೆದುಕೊಳ್ಳುವುದೂ ಇಲ್ಲ. ಇಮೇಲ್ ಅಳಿಸಿಬಿಡಿ.