ಪ್ರತಿಕ್ರಿಯೆ: ಮಾವನ ಫೋಟೋದಲ್ಲಿ ಡೇಟನ್ಸ್ ಅಂಗಡಿ ಇದೆ, ಸೌತ್‌ಡೇಲ್ ಮಾಲಲ್ಲಿ ಈಗ ಮೇಸೀಸ್ ಅಂಗಡಿ ಇದೆ, ಮಾಲ್ ಬೇರೆನಾ?

ಮಾಲ್ ಬೇರೆ ಇರಲಿಕ್ಕಿಲ್ಲ, ಅಂಗಡಿ ಹೆಸರು ಬದಲಾಗಿರೋದು ಅನ್ಸುತ್ತೆ. ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ 1956ರಲ್ಲಿ ಸೌತ್‌ಡೇಲ್ ಕಟ್ಟಿಸಿದ್ದೇ ಡೇಟನ್ ಕಂಪನಿಯವ್ರು, ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ಡಿಸೈನು, ಅಲ್ಲಿನ ಚಳಿ, ಸೆಕೆ ಎರಡಕ್ಕೂ ಪೂರ್ತಿ ಮುಚ್ಚಿ ಹೀಟಿಂಗು, ಏಸಿ ಹಾಕಿದ್ದು, ಅದೂ ಎದುರಾಳಿ ಅಂಗಡಿ ಡೊನಾಲ್ಡ್‌ಸನ್ಸ್‌ಗೂ ಅದೇ ಸೂರಿನಡಿ ಜಾಗ ಕೊಟ್ಟು (ಧೈರ್ಯ ನೋಡಿ!).

ನಿಮ್ಮ ಮಾವನ ಫೋಟೋ ಯಾವ ಕಾಲದ್ದು ಅಂತ ಗೊತ್ತಾಗ್ಬೇಕಂದ್ರೆ ಮೊದ್ಲು ಬೋರ್ಡ್ ನೋಡಿ, ಡೇಟನ್ಸ್ ಅಂತಿದ್ರೆ 2001ರ ಒಳಗಿಂದು, ಆ ವರ್ಷ ಅದು ಮಾರ್ಷಲ್ ಫೀಲ್ಡ್ಸ್ ಆಯ್ತು, 2006ರ ಸೆಪ್ಟೆಂಬರಲ್ಲಿ ಮೇಸೀಸ್. ಆಮೇಲೆ ಹಿಂದೆ ಎಲ್ಲಾದ್ರೂ ಡೊನಾಲ್ಡ್‌ಸನ್ಸ್ ಕಾಣ್ತಿದ್ರೆ ಇನ್ನೂ ಹಳೇದು, 1987ರಲ್ಲಿ ಅದನ್ನ ಕಾರ್ಸನ್ ಪಿರಿ ಸ್ಕಾಟ್ ಅನ್ನೋ ಕಂಪನಿಯವ್ರು ಕೊಂಡ್ಕೊಂಡ್ರು. ಜೆಸಿ ಪೆನ್ನಿ ಅಂಗಡಿ ಕಂಡ್ರೆ 1972ರ ಈಚೆಗೆ.

ಒಂದು ಅನುಮಾನ ಮಾತ್ರ ಉಳಿಯುತ್ತೆ, ರೋಸ್‌ಡೇಲ್, ರಿಡ್ಜ್‌ಡೇಲ್, ಬ್ರೂಕ್‌ಡೇಲ್ ಮಾಲ್‌ಗಳಲ್ಲೂ ಡೇಟನ್ಸ್ ಇತ್ತು, ಹಾಗಾಗಿ ಹೊರಗಡೆ ಬೋರ್ಡ್ ಒಂದನ್ನೇ ನಂಬಕ್ಕಾಗಲ್ಲ. ಒಳಗೆ ತೆಗೆದ ಫೋಟೋ ಇದ್ರೆ ಎತ್ತರದ ಬಂಗಾರದ ಬಣ್ಣದ ಲೋಹದ ಮರಗಳು ಹುಡುಕಿ, ಶಿಲ್ಪಿ ಹ್ಯಾರಿ ಬರ್ಟೋಯಾ ಮಾಡಿದ್ದು, ಅವು ಕಂಡ್ರೆ ಸೌತ್‌ಡೇಲೇ.